ಸಹಾಯ ಬೇಕು: ಗಂಡ-ಹೆಂಡತಿ ಮತ್ತೆ ಒಂದಾದರೆ ಹಳೇ ಕರಾರು ನಡೆಯುತ್ತಾ?
ನಮಸ್ಕಾರ, ನಾವು ಸೋಮವಾರಪೇಟೆ ಕಡೆಯವರು. ಅಕ್ಕ, ಭಾವ ಬೇರೆ ಇರೋಣ ಅಂತ ಛಾಪಾ ಕಾಗದದಲ್ಲಿ ಕರಾರು ಬರೆಸಿ ನೋಟರಿ ಮಾಡಿಸಿದ್ದರು. ಅಕ್ಕನಿಗೆ ತಿಂಗಳ ಜೀವನಾಂಶ, ಕಾಳುಮೆಣಸು ಮಾರಿದ ದುಡ್ಡಲ್ಲಿ ಅರ್ಧ ಮಗಳ ಹೆಸರಿಗೆ ಅಂತ ಅದರಲ್ಲಿದೆ. ಕೋರ್ಟಿಗೆ ಹೋಗಿಲ್ಲ.

ಈಗ ರಾಜಿಯಾಗಿ ಒಂದೇ ಮನೆಯಲ್ಲಿದ್ದಾರೆ. ನಮಗೆಲ್ಲ ತುಂಬಾ ಖುಷಿ. ಆದರೆ ಭಾವ "ಆ ಪತ್ರ ಇನ್ನು ನಡೆಯಲ್ಲ" ಅನ್ನುತ್ತಾರೆ. ಜೀವನಾಂಶ ನಿಲ್ಲಲಿ, ಮಗಳ ಪಾಲೂ ಹೋಗುತ್ತಾ? ನನಗೆ ಅದೇ ಜಾಸ್ತಿ ಚಿಂತೆ.

ಇನ್ನೊಂದು. ಒಪ್ಪಿಗೆಯ ವಿಚ್ಛೇದನಕ್ಕೆ 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಒಂದು ವರ್ಷ ಬೇರೆ ಇರಬೇಕಲ್ವಾ? ಮುಂದೆ ಹಾಗೇನಾದರೂ ಆದರೆ ಆ ಲೆಕ್ಕ ಹೊಸದಾಗಿ ಶುರುವಾಗುತ್ತಾ?

ಮಡಿಕೇರಿಯ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರ ನೆರವು ಉಚಿತ, ಅಲ್ಲಿಗೆ ಹೋಗುತ್ತೇವೆ. ಯಾವ ಕಾಗದ ಒಯ್ಯಬೇಕು, ತಿಳಿದವರು ದಯವಿಟ್ಟು ಹೇಳಿ.