ಒಂದೇ ಕೆಲ್ಸ ಎಪ್ಪತ್ತು ಡ್ರಾಯಿಂಗ್‌ಗೆ ಮಾಡೋದು: ಸ್ಕ್ರಿಪ್ಟ್ ಸಾಕಾ, ಲಿಸ್ಪ್ ಕಲೀಬೇಕಾ?

ಗೆರೆ_ಕೆಲಸ:
ಎಲ್ರಿಗೂ ನಮಸ್ಕಾರ. ಆಟೋಕ್ಯಾಡ್ ಅನ್ನೋ ನಕ್ಷೆ ಬರೆಯೋ ಸಾಫ್ಟ್‌ವೇರ್‌ನಲ್ಲಿ ಡ್ರಾಫ್ಟಿಂಗ್ ಮಾಡ್ತೀನಿ, ಪ್ರೋಗ್ರಾಮಿಂಗ್ ಗಂಧಗಾಳಿ ಇಲ್ಲ. ಹೊರಗಡೆಯಿಂದ ಎಪ್ಪತ್ತು ಡ್ರಾಯಿಂಗ್ ಬಂದಿದಾವೆ, ಒಂದೊಂದನ್ನೂ ಓಪನ್ ಮಾಡಿ ಆಡಿಟ್ (ದೋಷ ಹುಡುಕಿ ಸರಿಮಾಡೋದು), ಪರ್ಜ್ (ಬಳಸದೇ ಇರೋದನ್ನ ತೆಗೆಯೋದು), ಝೂಮ್ ಎಕ್ಸ್‌ಟೆಂಟ್ಸ್ (ಇಡೀ ಡ್ರಾಯಿಂಗ್ ಕಾಣೋ ಹಾಗೆ ಮಾಡೋದು), ಸೇವ್ ಮಾಡೋಷ್ಟರಲ್ಲಿ ಅರ್ಧ ದಿನ ಹೋಗುತ್ತೆ, ಅದ್ರ ಮೇಲೆ ಟೆಕ್ಸ್ಟ್ ಎಲ್ಲಾ ಸಿಕ್ಕ ಸಿಕ್ಕ ಲೇಯರ್‌ನಲ್ಲಿ (ಪದರದಲ್ಲಿ) ಇದೆ, ಅದನ್ನ ಒಂದೇ ಲೇಯರ್‌ಗೆ ತರ್ಬೇಕು. ನೋಟ್‌ಪ್ಯಾಡ್‌ನಲ್ಲಿ ಕಮಾಂಡ್‌ಗಳನ್ನ ಸಾಲಾಗಿ ಬರ್ದು ಡಾಟ್ ಎಸ್‌ಸಿಆರ್ ಅಂತ, ಅಂದ್ರೆ ಸ್ಕ್ರಿಪ್ಟ್ ಫೈಲಾಗಿ ಸೇವ್ ಮಾಡಿ ಓಡಿಸಿ ನೋಡ್ದೆ, ಆಡಿಟ್ ಮುಗೀತಿದ್ದ ಹಾಗೇ ಮತ್ತೆ ಆಡಿಟ್ಟೇ ಶುರುವಾಗಿ ಯೆಸ್ಸಾ ನೋ ನಾ ಅಂತ ಕೇಳ್ತಾ ನಿಂತ್ಕೊಳ್ಳುತ್ತೆ. ಹತ್ತು ಸಲ ಓದ್ದೆ, ಸ್ಪೆಲ್ಲಿಂಗ್ ಸರಿಯಾಗೇ ಇದೆ. ಎಲ್ಲಿ ತಪ್ತಿದೀನಿ?

ಹಳೇ_ಡ್ರಾಫ್ಟ್ಸ್‌ಮನ್:
ಆಡಿಟ್‌ಗೆ ಉತ್ತರ ಕೊಟ್ಟಿರೋ ವೈ ಅಕ್ಷರ ಇದ್ಯಲ್ಲ, ಅದ್ರ ಮುಂದೆ ಕರ್ಸರ್ ಇಟ್ಟು ಎಂಡ್ ಕೀ ಒತ್ತಿ ನೋಡಿ, ಒಂದು ಸ್ಪೇಸ್ ಇರುತ್ತೆ ಅಂತ ನನ್ನ ಅಂದಾಜು. ಸ್ಕ್ರಿಪ್ಟ್ ಫೈಲಲ್ಲಿ ಸ್ಪೇಸ್ ಅಂದ್ರೆ ಎಂಟರ್, ಸಾಲು ಮುಗಿದ್ರೂ ಎಂಟರ್. ಸ್ಪೇಸಿಗೇ ವೈ ಒಳಗೆ ಹೋಯ್ತು, ಸಾಲಿನ ಕೊನೆಗೆ ಇನ್ನೊಂದು ಎಂಟರ್ ಬಿತ್ತು, ಖಾಲಿ ಎಂಟರ್ ಒತ್ತಿದ್ರೆ ಹಿಂದಿನ ಕಮಾಂಡೇ ಮತ್ತೆ ಬರುತ್ತಲ್ವಾ, ಅದೇ ಆಗ್ತಿರೋದು. ಮುಂದಿನ ಸಾಲಲ್ಲಿರೋ ಪರ್ಜ್ ಅನ್ನೋ ಪದ ಆಡಿಟ್‌ನ ಪ್ರಶ್ನೆಗೆ ಉತ್ತರವಾಗಿ ಹೋಗ್ತಿದೆ. ಅದೇ ರೀತಿ ಕೊನೇ ಸಾಲಾದ್ಮೇಲೆ ಎಂಟರ್ ಒತ್ತಿರ್ಲೇಬೇಕು, ಇಲ್ಲಾಂದ್ರೆ ಕೊನೇ ಕಮಾಂಡ್ ಹಾಗೇ ನೇತಾಡ್ತಾ ಉಳಿಯುತ್ತೆ.

ಇನ್ನೊಂದು, ಪರ್ಜ್ ಪದದ ಶುರುವಿಗೇ ಮೈನಸ್ ಚಿಹ್ನೆ ಹಾಕಿ, ಆಗ ಡೈಲಾಗ್ ಬಾಕ್ಸ್ ಬರಲ್ಲ, ಪ್ರಶ್ನೆಗಳೆಲ್ಲ ಕಮಾಂಡ್ ಲೈನಲ್ಲೇ ಬರ್ತಾವೆ. ಒಂದ್ಸಲ ಕೈಯಲ್ಲೇ ಟೈಪ್ ಮಾಡಿ ಎಫ್2 ಒತ್ತಿದ್ರೆ ನೀವು ಕೊಟ್ಟ ಉತ್ತರ ಎಲ್ಲಾ ಸಾಲಾಗಿ ಕಾಣುತ್ತೆ, ಅದನ್ನ ನೋಡ್ಕೊಂಡೇ ಸ್ಕ್ರಿಪ್ಟ್ ಬರೀರಿ. ಪರ್ಜ್ ಎರಡು ಮೂರು ಸಲ ಬರೀರಿ, ಯಾಕಂದ್ರೆ ಬೇಡದ ಬ್ಲಾಕ್ (ಒಂದೇ ವಸ್ತುವಾಗಿ ಕಟ್ಟಿಟ್ಟ ಗೆರೆಗಳ ಗುಂಪು) ಹೋದ್ಮೇಲೇ ಅದ್ರೊಳಗಿನ ಲೇಯರ್ ಬಿಡುಗಡೆ ಆಗೋದು.

ಎಪ್ಪತ್ತನ್ನೂ ಒಂದೊಂದಾಗಿ ಓಪನ್ ಮಾಡೋದೂ ಬೇಡ. ಆಟೋಕ್ಯಾಡ್ ಇನ್‌ಸ್ಟಾಲ್ ಆಗಿರೋ ಫೋಲ್ಡರಲ್ಲೇ ಕೋರ್ ಕನ್ಸೋಲ್ ಅಂತ ಒಂದು ಸಣ್ಣ ಪ್ರೋಗ್ರಾಂ ಇದೆ, 2013ರ ವರ್ಷನ್‌ನಿಂದ ಬರ್ತಿದೆ, ಅದಕ್ಕೆ ಡ್ರಾಯಿಂಗ್ ಹೆಸ್ರು ಮತ್ತೆ ಸ್ಕ್ರಿಪ್ಟ್ ಹೆಸ್ರು ಕೊಟ್ರೆ ಸ್ಕ್ರೀನ್ ತೆರೀದೇ ಕೆಲ್ಸ ಮುಗ್ಸುತ್ತೆ. ವಿಂಡೋಸ್‌ನ ಬ್ಯಾಚ್ ಫೈಲಲ್ಲಿ (ಕಮಾಂಡ್‌ಗಳನ್ನ ಸಾಲಾಗಿ ಓಡಿಸೋ ಫೈಲ್) ಲೂಪ್ ಹಾಕಿದ್ರೆ ಇಡೀ ಫೋಲ್ಡರ್ ತಾನಾಗೇ ಓಡುತ್ತೆ.

ಆವರಣ_ಚಿಹ್ನೆ:
ಮೇಲಿನವರು ಹೇಳಿದ್ದು ಸರಿ, ಆದ್ರೆ ಟೆಕ್ಸ್ಟ್ ಲೇಯರ್ ವಿಷ್ಯಕ್ಕೆ ಬಂದ್ರೆ ಸ್ಕ್ರಿಪ್ಟ್ ಸಾಕಾಗಲ್ಲ, ಅದಕ್ಕೆ ಹುಡುಕಿ ಆರ್ಸೋದು ಗೊತ್ತಿಲ್ಲ. ಅಲ್ಲಿ ಆಟೋಕ್ಯಾಡ್ ಒಳಗಿನ ಪ್ರೋಗ್ರಾಮಿಂಗ್ ಭಾಷೆ ಆಟೋಲಿಸ್ಪ್, ಅಂದ್ರೆ ನೀವು ಕೇಳಿದ ಲಿಸ್ಪ್ ಬೇಕು. 1986ರಿಂದ ಇರೋ ಭಾಷೆ, ಇವತ್ತಿಗೂ ನಡೀತಿದೆ, ಆಟೋಕ್ಯಾಡ್‌ನ ಚಿಕ್ಕ ಆವೃತ್ತಿ ಎಲ್‌ಟಿ ಇಟ್ಕೊಂಡಿರೋರಿಗೂ 2024ರ ವರ್ಷನ್‌ನಿಂದ ಸಿಕ್ಕಿದೆ. ಡ್ರಾಯಿಂಗಲ್ಲಿರೋ ಪ್ರತಿ ಗೆರೆ, ಪ್ರತಿ ಟೆಕ್ಸ್ಟೂ ಒಳಗಡೆ ನಂಬರ್ ಹಚ್ಚಿರೋ ಒಂದು ಪಟ್ಟಿ ಅಷ್ಟೇ: 0 ಅಂದ್ರೆ ಅದು ಯಾವ ಜಾತಿ, 8 ಅಂದ್ರೆ ಲೇಯರ್, ಟೆಕ್ಸ್ಟ್ ಆದ್ರೆ 1ರಲ್ಲಿ ಅಕ್ಷರ, 40ರಲ್ಲಿ ಎತ್ತರ. ಎಸ್‌ಎಸ್‌ಗೆಟ್ ಅನ್ನೋ ಲಿಸ್ಪ್ ಫಂಕ್ಷನ್‌ನಿಂದ ಆರ್ಸಿ, ಎಂಟ್‌ಗೆಟ್‌ನಿಂದ ಪಟ್ಟಿ ತೆಗ್ದು, 8ರ ಜಾಗದಲ್ಲಿ ನಿಮ್ಗೆ ಬೇಕಾದ ಲೇಯರ್ ಇಟ್ಟು ಎಂಟ್‌ಮಾಡ್ ಅಂದ್ರೆ ಆಯ್ತು. ಹದಿನೈದು ಸಾಲೂ ಆಗಲ್ಲ.

ಒಂದು ವಿಷ್ಯದಲ್ಲಿ ಮಾತ್ರ ಹುಷಾರು, ನಾನು ಕೈ ಸುಟ್ಕೊಂಡಿದೀನಿ. ಬಾಗಿಲು ಬರೆಯೋಕೆ ಲಿಸ್ಪ್ ಬರ್ದಿದ್ದೆ, ಝೂಮ್ ಮಾಡಿ ನೋಡುವಾಗ ಅಚ್ಚುಕಟ್ಟು, ಇಡೀ ಪ್ಲಾನ್ ಕಾಣೋ ಹಾಗೆ ಇಟ್ಟು ಓಡಿಸಿದ್ರೆ ಚೌಕಟ್ಟಿನ ಗೆರೆ ಪಕ್ಕದ ಗೋಡೆ ಮೂಲೆಗೆ ಹೋಗಿ ಅಂಟ್ಕೊಳ್ಳೋದು. ಪ್ರಿಂಟ್ ತೆಗೆದ್ಮೇಲೆ ಕಣ್ಣಿಗೆ ಬಿತ್ತು. ಕಾರಣ ಆಬ್ಜೆಕ್ಟ್ ಸ್ನ್ಯಾಪ್, ಅಂದ್ರೆ ಪಾಯಿಂಟನ್ನ ಹತ್ರದ ಮೂಲೆ, ತುದಿಗೆ ಎಳೆದು ಕೂರ್ಸೋ ಸೌಲಭ್ಯ. ಲಿಸ್ಪ್ ಒಳಗಿಂದ ಕಮಾಂಡ್ ಕರೆದು ಪಾಯಿಂಟ್ ಕೊಟ್ರೂ ಸ್ನ್ಯಾಪ್ ಆನ್ ಇದ್ರೆ ಅದು ಎಳ್ಕೊಳ್ಳುತ್ತೆ, ಸ್ನ್ಯಾಪ್ ಅಳೆಯೋದು ಸ್ಕ್ರೀನ್ ಮೇಲಿನ ದೂರ, ಅದಕ್ಕೇ ಝೂಮ್ ಬದಲಾದ್ರೆ ಫಲಿತಾಂಶವೂ ಬದಲಾಗುತ್ತೆ. ಸ್ನ್ಯಾಪ್ ಸೆಟ್ಟಿಂಗ್ ಇರೋ ಓಎಸ್‌ಮೋಡ್‌ನ ಬೆಲೆ ತೆಗೆದಿಟ್ಕೊಂಡು ಸೊನ್ನೆ ಮಾಡಿ, ಮುಗಿದ್ಮೇಲೆ ವಾಪಸ್ ಹಾಕಿ. ಮಧ್ಯದಲ್ಲಿ ಯಾರಾದ್ರೂ ಎಸ್ಕೇಪ್ ಒತ್ತಿದ್ರೆ ಸ್ನ್ಯಾಪ್ ಆಫ್ ಆಗೇ ಉಳಿದುಬಿಡುತ್ತೆ, ಅದಕ್ಕೆ ಲಿಸ್ಪ್ ಮಧ್ಯದಲ್ಲೇ ನಿಂತಾಗ ಓಡೋ ಎರರ್ ಫಂಕ್ಷನ್‌ನಲ್ಲೂ ವಾಪಸ್ ಹಾಕೋ ಸಾಲು ಇರ್ಲಿ.

ಗೆರೆ_ಕೆಲಸ:
ಸ್ಪೇಸೇ ಇತ್ತು ಸರ್! ತೆಗ್ದ ತಕ್ಷಣ ಓಡ್ತು. ಲಿಸ್ಪ್ ಕೂಡ ನೋಡಿ ನೋಡಿ ಬರ್ದೆ, ಸುಮಾರು ಟೆಕ್ಸ್ಟ್ ಬದಲಾಯ್ತು, ಆದ್ರೆ ಟೈಟಲ್ ಬ್ಲಾಕ್‌ನಲ್ಲಿರೋದು (ಡ್ರಾಯಿಂಗ್ ಹೆಸ್ರು, ನಂಬರ್ ಇರೋ ಚೌಕ), ಮತ್ತೆ ಕೆಲವು ಪ್ಯಾರಾ ಹಾಗಿರೋ ನೋಟ್ಸ್ ಅಲ್ಲಾಡ್ಲೇ ಇಲ್ಲ. ಜೊತೆಗೆ ಪ್ರತಿಸಲ ಲೋಡ್ ಮಾಡುವಾಗ ಈ ಫೈಲ್ ನಂಬ್ಬೋದಾ ಅಂತ ಕೇಳುತ್ತೆ.

ಆವರಣ_ಚಿಹ್ನೆ:
ಪ್ಯಾರಾ ಹಾಗಿರೋದು ಎಮ್‌ಟೆಕ್ಸ್ಟ್, ಅದ್ರ ಜಾತಿನೇ ಬೇರೆ. ಫಿಲ್ಟರ್‌ನಲ್ಲಿ ಟೆಕ್ಸ್ಟ್ ಕಾಮಾ ಎಮ್‌ಟೆಕ್ಸ್ಟ್ ಅಂತ ಎರಡನ್ನೂ ಬರೀರಿ, ನಡುವೆ ಸ್ಪೇಸ್ ಬೇಡ. ಟೈಟಲ್ ಬ್ಲಾಕ್‌ನಲ್ಲಿರೋದು ಬ್ಲಾಕ್ ಒಳಗಿನ ಅಟ್ರಿಬ್ಯೂಟ್ (ಬ್ಲಾಕ್‌ಗೆ ಅಂಟಿರೋ, ತುಂಬ್ಸೋ ಅಕ್ಷರ), ಎಸ್‌ಎಸ್‌ಗೆಟ್ ಬ್ಲಾಕ್ ಒಳಗೆ ಇಣುಕಲ್ಲ, ಅದಕ್ಕೆ ಬೇರೆ ಲಿಸ್ಪೇ ಬರೀಬೇಕು, ಸದ್ಯಕ್ಕೆ ಮುಟ್ಬೇಡಿ. ನಂಬಿಕೆ ಪ್ರಶ್ನೆಗೆ, ಲಿಸ್ಪ್ ಎಲ್ಲಾ ಒಂದೇ ಫೋಲ್ಡರಲ್ಲಿಟ್ಟು ಆಪ್ಷನ್ಸ್‌ನಲ್ಲಿ ಟ್ರಸ್ಟೆಡ್ ಲೊಕೇಶನ್ಸ್‌ಗೆ ಸೇರ್ಸಿ, ಆ ಪ್ರಶ್ನೆ ಕೇಳಿಸೋ ಸೆಕ್ಯೂರ್‌ಲೋಡ್ ಸೆಟ್ಟಿಂಗ್ ಅನ್ನೇ ಆಫ್ ಮಾಡೋಕೆ ಹೋಗ್ಬೇಡಿ, ಡ್ರಾಯಿಂಗ್ ಜೊತೆ ಬರೋ ಕೆಟ್ಟ ಲಿಸ್ಪ್ ಫೈಲ್‌ಗಳನ್ನ ತಡೆಯೋದು ಅದೇ. ಹಾಗೇ ಲಿಸ್ಪ್ ಶುರುವಲ್ಲಿ ಅಂಡೂ ಬಿಗಿನ್, ಕೊನೇಲಿ ಅಂಡೂ ಎಂಡ್ ಹಾಕಿಬಿಡಿ, ಎಡವಟ್ಟಾದ್ರೆ ಒಂದೇ ಯು ಒತ್ತಿದ್ರೆ ಎಲ್ಲಾ ಹಿಂದಕ್ಕೆ ಹೋಗುತ್ತೆ.

ಹಳೇ_ಡ್ರಾಫ್ಟ್ಸ್‌ಮನ್:
ಕೋರ್ ಕನ್ಸೋಲಲ್ಲಿ ಸೇವ್ ಆಗಿ ಮುಚ್ಚಿದ್ಮೇಲೆ ಆ ಅಂಡೂ ಸಿಗಲ್ಲ ನೋಡಿ. ಫೋಲ್ಡರ್ ಕಾಪಿ ಮಾಡ್ಕೊಂಡು, ಮೊದ್ಲು ಐದು ಡ್ರಾಯಿಂಗ್ ಮೇಲೆ ಓಡಿಸಿ, ಓಪನ್ ಮಾಡಿ ಕಣ್ಣಾರೆ ನೋಡಿ, ಆಮೇಲೆ ಮಿಕ್ಕ ಅರವತ್ತೈದು.