ಎಪಿಟಿಟಿ 58 ಸೆಕೆಂಡು, ಪಿಟಿ ಸರಿ, ರಕ್ತಸ್ರಾವ ಮಾತ್ರ ಇಲ್ಲ. ಏನಿರಬಹುದು?

ಪ್ರಶ್ನೆ:
ಆಪರೇಷನ್‌ಗೆ ಮುಂಚಿನ ರಿಪೋರ್ಟು. (ಎಪಿಟಿಟಿ, ಪಿಟಿ ಎರಡೂ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪರೀಕ್ಷೆಗಳು.) ಎಪಿಟಿಟಿ 58 ಸೆಕೆಂಡು (ನಮ್ಮ ಲ್ಯಾಬಿನ ಮೇಲ್ಮಿತಿ 35), ಪಿಟಿ 12.5, ಪ್ಲೇಟ್‌ಲೆಟ್ 2.4 ಲಕ್ಷ. ಹೆಪ್ಪುಗಟ್ಟುವುದನ್ನು ತಡೆಯುವ ಔಷಧಿ ಹೆಪಾರಿನ್ ಕೊಟ್ಟಿಲ್ಲ. ಹಿಂದೆ ಹಲ್ಲು ಕೀಳಿಸಿದಾಗ ರಕ್ತ ಬೇಗನೇ ನಿಂತಿತ್ತಂತೆ. ಹೆಪ್ಪುಗಟ್ಟಲು ಇಷ್ಟು ತಡವಾದರೆ ಸ್ರಾವ ಆಗಲೇಬೇಕಲ್ಲವೇ?

ಉತ್ತರ 1:
ಆಗಲೇಬೇಕೆಂದೇನಿಲ್ಲ. ಎಪಿಟಿಟಿ ಅಳೆಯುವುದು ಟ್ಯೂಬಿನೊಳಗಿನ ಪ್ರತಿಕ್ರಿಯೆಯನ್ನು. ಅಲ್ಲಿ ಸಿಲಿಕಾದಂಥ ಪುಡಿ ಫ್ಯಾಕ್ಟರ್ 12 ಅನ್ನು ಎಬ್ಬಿಸುತ್ತದೆ (ಸಂಖ್ಯೆಯಿಂದ ಕರೆಯುವ ಫ್ಯಾಕ್ಟರ್ ಎಂದರೆ ಹೆಪ್ಪುಗಟ್ಟಿಸುವ ಪ್ರೋಟೀನು). ಗಾಯವಾದಾಗ ದೇಹದಲ್ಲಿ ಕೆಲಸ ಶುರುಮಾಡುವುದು ಅಂಗಾಂಶದಲ್ಲಿರುವ ಟಿಶ್ಯೂ ಫ್ಯಾಕ್ಟರ್ ಮತ್ತು ಫ್ಯಾಕ್ಟರ್ 7. ಹಾಗಾಗಿ ಫ್ಯಾಕ್ಟರ್ 12 ಇಲ್ಲದವರಲ್ಲಿ ಎಪಿಟಿಟಿ 100 ದಾಟಿದರೂ ಸ್ರಾವ ಆಗುವುದಿಲ್ಲ. ಆದರೆ 8, 9, 11ರ ಕೊರತೆಯಲ್ಲೂ ಪಿಟಿ ಸರಿಯಾಗಿದ್ದು ಎಪಿಟಿಟಿ ಮಾತ್ರ ಏರುತ್ತದೆ, ಅದನ್ನು ತಳ್ಳಿಹಾಕದೆ ಮುಂದೆ ಹೋಗಬೇಡಿ.

ಉತ್ತರ 2:
ಅದಕ್ಕೂ ಮೊದಲು ಸ್ಯಾಂಪಲ್ ನೋಡಿ. ನೀಲಿ ಮುಚ್ಚಳದ ಟ್ಯೂಬಿನಲ್ಲಿ 0.3 ಮಿ.ಲೀ. ಸಿಟ್ರೇಟಿಗೆ (ಕ್ಯಾಲ್ಸಿಯಂ ಹಿಡಿದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ) 2.7 ಮಿ.ಲೀ. ರಕ್ತ ಬೀಳಬೇಕು. ಕಡಿಮೆ ಬಿದ್ದರೆ ಸಿಟ್ರೇಟ್ ಹೆಚ್ಚಾಗಿ, ಪರೀಕ್ಷೆಯಲ್ಲಿ ಸೇರಿಸುವ ಕ್ಯಾಲ್ಸಿಯಮ್ಮನ್ನೂ ಹಿಡಿದುಬಿಡುತ್ತದೆ, ಸಮಯ ಸುಳ್ಳೇ ಉದ್ದವಾಗುತ್ತದೆ. ಹೆಪಾರಿನ್ ಹಾಕಿ ತೊಳೆದ ಲೈನಿನಿಂದ (ರಕ್ತನಾಳದಲ್ಲಿಟ್ಟ ನಳಿಕೆ) ತೆಗೆದಿದ್ದರೂ ಇದೇ ಗತಿ. "ಹೆಪಾರಿನ್ ಕೊಟ್ಟಿಲ್ಲ" ಅಂದವರು ಸಾಮಾನ್ಯವಾಗಿ ಇದನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ನೇರ ರಕ್ತನಾಳದಿಂದ ಹೊಸದಾಗಿ ರಕ್ತ ತೆಗೆದು ನಾಲ್ಕು ಗಂಟೆಯೊಳಗೆ ಪರೀಕ್ಷಿಸಿ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಎಷ್ಟು?

ಪ್ರಶ್ನೆ ಕೇಳಿದವರು:
61. ಟ್ಯೂಬ್ ಗೆರೆವರೆಗೂ ತುಂಬಿತ್ತು.

ಉತ್ತರ 2:
ಹಾಗಿದ್ದರೆ ತುಂಬಿದ ಟ್ಯೂಬೂ ಸಾಲದು. ಹೆಮಟೋಕ್ರಿಟ್ 55 ದಾಟಿದರೆ ಪ್ಲಾಸ್ಮಾ (ರಕ್ತದ ದ್ರವ ಭಾಗ) ಕಡಿಮೆ, ಸಿಟ್ರೇಟ್ ತಗ್ಗಿಸಬೇಕು. ಬೇಕಾದ ಸಿಟ್ರೇಟಿನ ಲೆಕ್ಕ: 0.00185 × (100 − ಹೆಮಟೋಕ್ರಿಟ್) × ರಕ್ತದ ಮಿ.ಲೀ. ನಿಮ್ಮದಕ್ಕೆ 0.00185 × 39 × 2.7, ಅಂದರೆ ಸುಮಾರು 0.2 ಮಿ.ಲೀ. ಟ್ಯೂಬಿನಿಂದ 0.1 ಮಿ.ಲೀ. ಸಿಟ್ರೇಟ್ ತೆಗೆಯಿರಿ. ಮುಚ್ಚಳ ತೆರೆದರೆ ವ್ಯಾಕ್ಯೂಮ್ ಹೋಗುತ್ತದೆ, ಆದ್ದರಿಂದ ಸಿರಿಂಜಿನಲ್ಲಿ ರಕ್ತ ತೆಗೆದು ಅಳೆದು 2.7 ಹಾಕಿ, ಮೆಲ್ಲಗೆ ಮಗುಚಿ ಬೆರೆಸಿ.

ಉತ್ತರ 1:
ಆದರೂ 58 ಪೂರ್ತಿ ಸಿಟ್ರೇಟಿನದೇ ಆಟ ಅಂತ ನನಗನಿಸುವುದಿಲ್ಲ, ಪಿಟಿಯೂ ಒಂದಿಷ್ಟು ಎಳೆಯಬೇಕಿತ್ತು. ಹೊಸ ಸ್ಯಾಂಪಲಿನಲ್ಲೂ ಉದ್ದ ಬಂದರೆ ಮಿಕ್ಸಿಂಗ್ ಮಾಡಿ: ರೋಗಿಯ ಪ್ಲಾಸ್ಮಾ, ನಾರ್ಮಲ್ ಪ್ಲಾಸ್ಮಾ ಸಮ ಸಮ. ಸರಿಹೋದರೆ ಫ್ಯಾಕ್ಟರ್ ಕೊರತೆ, ಯಾಕೆಂದರೆ ಅರ್ಧದಷ್ಟು ಫ್ಯಾಕ್ಟರ್ ಇದ್ದರೂ ಎಪಿಟಿಟಿ ಸರಿಯಾಗುತ್ತದೆ. ತಕ್ಷಣ ಸರಿಹೋಗಿ, 37 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟ ಮೇಲೆ ಮತ್ತೆ ಉದ್ದವಾದರೆ ಫ್ಯಾಕ್ಟರ್ 8ರ ವಿರುದ್ಧ ಆ್ಯಂಟಿಬಾಡಿ ಇರಬಹುದು. ಅದು ಅಪಾಯಕಾರಿ, ಆಪರೇಷನ್ ನಿಲ್ಲಿಸಿ. ಮೊದಲಿನಿಂದಲೇ ಸರಿಹೋಗದಿದ್ದರೆ ಲೂಪಸ್ ಆ್ಯಂಟಿಕೋಆಗ್ಯುಲೆಂಟ್ ಎಂಬ ಆ್ಯಂಟಿಬಾಡಿ ನೋಡಿ. ಅದು ಟ್ಯೂಬಿನಲ್ಲಿ ಪರೀಕ್ಷೆಗೆ ಬೇಕಾದ ಕೊಬ್ಬಿನಂಶ ಫಾಸ್ಫೋಲಿಪಿಡ್‌ಗೆ ಅಡ್ಡಬಂದು ಸಮಯ ಎಳೆಯುತ್ತದೆ, ದೇಹದಲ್ಲಿ ಮಾತ್ರ ತದ್ವಿರುದ್ಧ, ಹೆಪ್ಪುಗಟ್ಟುವ ಅಪಾಯ.

ಉತ್ತರ 3:
ಒಂದು ಸೇರಿಸುತ್ತೇನೆ. ಕಾರಣ ಗೊತ್ತಾಗದೆ ಬರೀ ಅಂಕಿ ಇಳಿಸಲು ಪ್ಲಾಸ್ಮಾ ಏರಿಸಬೇಡಿ. ಫ್ಯಾಕ್ಟರ್ 11ರ ಕೊರತೆಯಲ್ಲಿ ಅದರ ಮಟ್ಟಕ್ಕೂ ಸ್ರಾವಕ್ಕೂ ನೇರ ತಾಳೆ ಇಲ್ಲ. ಬಾಯಿ, ಮೂಗು, ಮೂತ್ರನಾಳದ ಕಡೆ ಹೆಪ್ಪು ಬೇಗ ಕರಗುವುದರಿಂದ ಅಲ್ಲೇ ತೊಂದರೆ ಜಾಸ್ತಿ. ಹಲ್ಲು ಕೀಳಿಸಿದಾಗ ಏನೂ ಆಗಲಿಲ್ಲ ಎನ್ನುವುದು ಇಲ್ಲಿ ಒಳ್ಳೆಯ ಸೂಚನೆ.