ಒಂದು ಗೊನೆ ಏಲಕ್ಕಿ ಬಾಳೆ ಒಟ್ಟಿಗೇ ಹಣ್ಣಾಗಿದೆ, ಸಿಹಿ ಏನು ಮಾಡಲಿ?

ಕೇಳಿದವರು, ಬೆಂಗಳೂರು

ಊರಿಂದ ಅತ್ತೆ ಒಂದು ಗೊನೆ ಏಲಕ್ಕಿ ಬಾಳೆ ಬಸ್ಸಿಗೆ ಹಾಕಿ ಕಳಿಸಿದ್ದರು. ಬಂದಾಗ ಹಸಿರಿತ್ತು. ಬೇಗ ಹಣ್ಣಾಗಲಿ ಅಂತ ಗೋಣಿಚೀಲ ಹೊದಿಸಿ ಅಡುಗೆಮನೆ ಮೂಲೆಯಲ್ಲಿಟ್ಟೆ. ನಾಲ್ಕನೇ ದಿನ ತೆಗೆದು ನೋಡಿದರೆ ಮೇಲಿಂದ ಕೆಳಗಿನವರೆಗೂ ಹಳದಿ! ಎಣಿಸಿದೆ, 114 ಹಣ್ಣು. ಅಕ್ಕಪಕ್ಕದವರಿಗೆ, ಕೆಲಸದವರಿಗೆ, ವಾಚ್‌ಮನ್‌ಗೆ ಎಲ್ಲ ಕೊಟ್ಟ ಮೇಲೂ 70 ಉಳಿದಿವೆ. ಮಕ್ಕಳು "ಮೆತ್ತಗಿದೆ" ಅಂತ ಮುಟ್ಟುತ್ತಿಲ್ಲ. ಮನೆಯಲ್ಲಿ ಓವನ್ ಇಲ್ಲ. ಗ್ಯಾಸ್ ಒಲೆ, ಮಿಕ್ಸಿ, ಒಂದು ಹಳೇ ಪಡ್ಡಿನ ಕಾವಲಿ, ಇಷ್ಟೇ. ಕೆಲಸದಿಂದ ಬಂದ ಮೇಲೆ ಒಂದು ಗಂಟೆಗಿಂತ ಹೆಚ್ಚು ಒಲೆ ಮುಂದೆ ನಿಲ್ಲೋಕೆ ಆಗಲ್ಲ. ಮಾವನಿಗೆ ಶುಗರ್ ಇದೆ, ಅವರಿಗೂ ಏನಾದರೂ ಆಗುತ್ತಾ? ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ. ನೀವೇ ಮಾಡಿ ತಿಂದಿರುವುದನ್ನು ಹೇಳಿ, ಪುಣ್ಯ ಬರುತ್ತೆ.

ಮೈಸೂರಿನಿಂದ

ಮೊದಲು ಒಲೆ ಹಚ್ಚಬೇಡಮ್ಮ, ಹಣ್ಣು ವಿಂಗಡಿಸು. ಗೊನೆಯಿಂದ ಚಿಪ್ಪು ಬಿಡಿಸಿ ಒಂದರ ಮೇಲೊಂದು ಒಟ್ಟದೆ ಗಾಳಿಯಾಡುವ ಕಡೆ ಹರಡು. ಸಿಪ್ಪೆ ಗಟ್ಟಿಯಾಗಿರೋದು ಹಾಗೇ ತಿನ್ನೋಕೆ. ಚುಕ್ಕೆ ಬಿದ್ದು ಸಿಪ್ಪೆ ತೆಳುವಾಗಿರೋದು ಇವತ್ತು ನಾಳೆಯ ಸೀಕರಣೆಗೆ. ತೊಟ್ಟು ಕಳಚಿ ಕೈಗೇ ಬರ್ತಿರೋದು ಬೇಯಿಸೋಕೆ. ಪೂರ್ತಿ ಹಣ್ಣಾದದ್ದನ್ನ ಫ್ರಿಜ್ಜಿಗೂ ಇಡಬಹುದು. ಸಿಪ್ಪೆ ಕಪ್ಪಾಗುತ್ತೆ, ಹೆದರಬೇಡ, ಒಳಗೆ ಎರಡು ಮೂರು ದಿನ ಚೆನ್ನಾಗೇ ಇರುತ್ತೆ.

ಸೀಕರಣೆಗೆ ಹತ್ತು ಹಣ್ಣು ಬಿಲ್ಲೆ ಹೆಚ್ಚಿ, ಎರಡು ಚಮಚ ಸಕ್ಕರೆ, ಒಂದು ಹಿಡಿ ಕಾಯಿತುರಿ, ಏಲಕ್ಕಿ ಪುಡಿ, ಒಂದು ಚಮಚ ತುಪ್ಪ. ಕಾಯಿಸಿ ಪೂರಾ ಆರಿಸಿದ ಹಾಲು ಅರ್ಧ ಲೋಟ. ಐದು ನಿಮಿಷದ ಕೆಲಸ. ಊಟಕ್ಕೆ ಕೂರುವಾಗ ಹೆಚ್ಚು, ಮೊದಲೇ ಹೆಚ್ಚಿಟ್ಟರೆ ಕಪ್ಪಾಗುತ್ತೆ. ನಮ್ಮನೇಲಿ ಹಿಂದೆಲ್ಲ ನಂಜನಗೂಡು ರಸಬಾಳೆಯಲ್ಲೇ ಮಾಡ್ತಿದ್ದರು. ಸೊರಗು ರೋಗ ಬಂದು ತೋಟಗಳೇ ಹೋದವು, ಈಗ ಸಿಕ್ಕರೆ ಅದನ್ನ ಸೀಕರಣೆಗೆ ಹಾಕೋಕೆ ನನಗೆ ಮನಸ್ಸು ಬರಲ್ಲ. ಸುಮ್ಮನೆ ಸುಲಿದು ತಿಂತೀನಿ.

ಧಾರವಾಡದಿಂದ

ನಮ್ಮ ಕಡೆ ಸೀಕರಣಿ ಅಂದ್ರ ಚಪಾತಿ ಜೋಡಿ ರೀ. ಹೋಳು ಮಾಡೂದಿಲ್ಲ, ಕೈಲೆ ಕಿವುಚೂದು. ಸಕ್ಕರಿ ಬದಲಿ ಬೆಲ್ಲ ಹಾಕೋರು ಹಾಲು ಬಿಸಿ ಇದ್ದಾಗ ಮಾತ್ರ ಹಾಕಬ್ಯಾಡ್ರಿ, ಒಡದು ಹೋಗತದ. ನನ್ನ ಮದುವಿ ಆದ ಹೊಸದಾಗಿ ಬೀಗರ ಮುಂದ ಹಂಗ ಆಗಿತ್ತು, ಇನ್ನೂ ಆಡಿಕೊಳ್ತಾರ. ಮಕ್ಕಳಿಗೆ ಬಿಸಿ ಚಪಾತಿಗೆ ತುಪ್ಪ ಸವರಿ, ಸೀಕರಣಿ ಬಟ್ಟಲದಾಗ ಹಾಕಿಕೊಟ್ಟು ನೋಡ್ರಿ. "ಮೆತ್ತಗ" ಅನ್ನೂ ಮಾತ ಬರೂದಿಲ್ಲ.

ಇನ್ನೊಬ್ಬರು

ಹಾಲು ಬಾಳೆಹಣ್ಣು ವಿರುದ್ಧಾಹಾರ ಅಂತ ಆಯುರ್ವೇದದಲ್ಲಿ ಹೇಳುತ್ತಾರಲ್ಲ?

ಮೈಸೂರಿನಿಂದ

ಹೇಳ್ತಾರಪ್ಪ. ನಮ್ಮಜ್ಜಿಯೂ ಹೇಳ್ತಿದ್ದರು, ಹೇಳಿ ಎರಡು ಬಟ್ಟಲು ತಿಂತಿದ್ದರು. ಆಗದವರು ಹಾಲು ಬಿಟ್ಟು ತೆಂಗಿನಹಾಲು ಹಾಕಿಕೊಳ್ಳಲಿ.

ಪುತ್ತೂರಿನಿಂದ

ತೆಂಗಿನಹಾಲಿನ ಮಾತು ಬಂತಲ್ಲ, ಇನ್ನು ನಾನು ಸುಮ್ಮನೆ ಕೂರ್ಲಿಕ್ಕೆ ಆಗ್ಲಿಕ್ಕಿಲ್ಲ. ಏಲಕ್ಕಿ ಬಾಳೆಗೆ ರಸಾಯನಕ್ಕಿಂತ ಒಳ್ಳೆ ಗತಿ ಇಲ್ಲ ಮಾರಾಯ್ರೆ. ನಾವು ಕದಳಿಯಲ್ಲಿ ಮಾಡುವುದು, ಏಲಕ್ಕಿಯಲ್ಲೂ ಹಾಗೆಯೇ ಆಗ್ತದೆ. ಒಂದು ತೆಂಗಿನಕಾಯಿ ತುರಿದು, ಸ್ವಲ್ಪವೇ ನೀರು ಹಾಕಿ ಅರೆದು, ಬಟ್ಟೆಯಲ್ಲಿ ಹಿಂಡಿ ದಪ್ಪ ಹಾಲು ತೆಗೆಯಿರಿ. ಎರಡನೇ ಹಾಲು ರಸಾಯನಕ್ಕೆ ಬೇಡ, ಸಾರಿಗೋ ಪಾಯಸಕ್ಕೋ ಇಡಿ. ಆ ಹಾಲಿಗೆ ಮುಕ್ಕಾಲು ಕಪ್ ಬೆಲ್ಲದ ಪುಡಿ ಕರಗಿಸಿ ಸೋಸಿ (ಬೆಲ್ಲದಲ್ಲಿ ಮರಳು ಇದ್ದೇ ಇರ್ತದೆ), ಹದಿನೈದು ಹಣ್ಣು ಸಣ್ಣ ಹೋಳು ಮಾಡಿ ಹಾಕಿ. ಏಲಕ್ಕಿ, ಒಂದು ಚಮಚ ಹುರಿದ ಬಿಳಿ ಎಳ್ಳು, ಒಂದು ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ, ಅದು ಇಲ್ಲದಿದ್ದರೆ ರಸಾಯನ ಸಪ್ಪೆ ಸಿಹಿ.

ಇದನ್ನು ಬಿಸಿ ಮಾಡ್ಲಿಕ್ಕೆ ಇಲ್ಲ. ನನ್ನ ಸೊಸೆ ಒಮ್ಮೆ ಫ್ರಿಜ್ಜಿನಿಂದ ತೆಗೆದು "ತಣ್ಣಗೆ ಉಂಟು" ಹೇಳಿ ಒಲೆಗೆ ಇಟ್ಟಳು, ಹಾಲು ಒಡೆದು ಎಣ್ಣೆ ಬೇರೆ, ನೀರು ಬೇರೆ. ಮಾಡಿ ಎರಡು ಮೂರು ಗಂಟೆಯ ಒಳಗೆ ಮುಗಿಸಬೇಕು, ಹೊರಗೆ ಇಟ್ಟರೆ ತೆಂಗಿನಹಾಲು ಹುಳಿ ಬರ್ತದೆ. ಒತ್ತು ಶ್ಯಾವಿಗೆ ಅಥವಾ ನೀರುದೋಸೆಯ ಒಟ್ಟಿಗೆ ಬಡಿಸಿದರೆ ಹದಿನೈದು ಹಣ್ಣು ನಾಲ್ಕು ಜನಕ್ಕೆ ಸಾಲದು.

ನಿಮ್ಮ ಪಡ್ಡಿನ ಕಾವಲಿಯನ್ನೂ ಕೆಳಗೆ ಇಳಿಸಿ. ಒಂದು ಕಪ್ ಬೆಳ್ತಿಗೆ ಅಕ್ಕಿ (ಕುಚ್ಚಲಕ್ಕಿ ಅಲ್ಲ, ಬಿಳಿ ಅಕ್ಕಿ) ಬೆಳಿಗ್ಗೆ ನೆನೆಹಾಕಿ ಹೋಗಿ. ಸಂಜೆ ಬಂದು ಆರು ಹಣ್ಣು, ಮುಕ್ಕಾಲು ಕಪ್ ಬೆಲ್ಲ, ಒಂದು ಹಿಡಿ ಕಾಯಿತುರಿ ಹಾಕಿ ಅರೆಯಿರಿ. ನೀರು ಹಾಕುವ ಅಗತ್ಯವೇ ಬರುವುದಿಲ್ಲ, ಹಣ್ಣು ಬೆಲ್ಲ ಎರಡೂ ನೀರು ಬಿಡ್ತದೆ. ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಗುಳಿಗೆ ಅರ್ಧ ಚಮಚ ತುಪ್ಪ, ಸಣ್ಣ ಉರಿ. ಉರಿ ಜಾಸ್ತಿ ಆದರೆ ಬೆಲ್ಲ ಹೊರಗೆ ಕರಟಿ ಒಳಗೆ ಹಸಿ ಉಳೀತದೆ. ಇದೇ ಅಪ್ಪ, ಗಣಹೋಮಕ್ಕೆ ಮಾಡುವುದು. ಮಕ್ಕಳಿಗೆ ಬಾಳೆಹಣ್ಣು ಹಾಕಿದ್ದು ಹೇಳಲೇಬೇಡಿ.

ಕೇಳಿದವರು

ತೆಂಗಿನಹಾಲು ಪ್ಯಾಕೆಟ್ಟಿನದು ಆಗುತ್ತಾ ಅಮ್ಮ?

ಪುತ್ತೂರಿನಿಂದ

ಆಗ್ತದೆ. ಹೇಳದೆ ಬಡಿಸಿ, ನನಗೂ ಹೇಳಬೇಡಿ.

ಉಡುಪಿ ಕಡೆಯವರು

ಯಾರಾದರೂ ಬನ್ಸ್ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಸಿಹಿತಿಂಡಿ ಅಂತ ಕರೆಯಲಿಕ್ಕೆ ಆಗದು, ಆದರೆ ಹಣ್ಣು ಖಾಲಿಯಾಗುತ್ತದೆ. ಆರು ಏಲಕ್ಕಿ ಹಣ್ಣು, ಮೂರು ಚಮಚ ಸಕ್ಕರೆ, ಎರಡು ಚಮಚ ಮೊಸರು, ಉಪ್ಪು, ಜೀರಿಗೆ, ಕಾಲು ಚಮಚ ಸೋಡಾ. ಇದನ್ನೆಲ್ಲ ಕಿವುಚಿ ಅದು ಎಷ್ಟು ಹಿಡಿಯುತ್ತದೋ ಅಷ್ಟೇ ಮೈದಾ. ನೀರು ಒಂದು ತೊಟ್ಟೂ ಇಲ್ಲ. ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಪೂರಿಗಿಂತ ದಪ್ಪಕ್ಕೆ ಲಟ್ಟಿಸಿ ಕರಿಯಿರಿ. ಬೆಳಿಗ್ಗೆ ಹಿಟ್ಟು ಸಡಿಲವಾಗಿ ಕೈಗೆ ಅಂಟಿದರೆ ಗಾಬರಿಯಾಗಿ ಮೈದಾ ಸುರಿಯಬೇಡಿ, ಕೈಗೆ ಎಣ್ಣೆ ಹಚ್ಚಿಕೊಳ್ಳಿ. ನಾನು ಸುರಿದದ್ದಕ್ಕೆ ಬನ್ಸು ಕ್ರಿಕೆಟ್ ಚೆಂಡಾಗಿತ್ತು.

ಶಿವಮೊಗ್ಗದಿಂದ

ಒಂದು ಗಂಟೆ ಎಂದಿರಿ, ಇದು ಇಪ್ಪತ್ತು ನಿಮಿಷ. ಸತ್ಯನಾರಾಯಣ ಪೂಜೆಯ ಸಜ್ಜಿಗೆ. ಅದಕ್ಕೆ ಸಪಾದಭಕ್ಷ್ಯ ಎನ್ನುತ್ತಾರೆ. ಸಪಾದ ಎಂದರೆ ಒಂದೂಕಾಲು ಪಾಲು, ರವೆ, ತುಪ್ಪ, ಸಕ್ಕರೆ, ಹಾಲು ಎಲ್ಲವೂ ಒಂದೂಕಾಲು. ಪೂಜೆಗಲ್ಲದೆ ತಿನ್ನಲು ಮಾಡುವಾಗ ನಾನು ಒಂದು ಲೋಟ ರವೆಗೆ ಅರ್ಧ ಲೋಟ ತುಪ್ಪ, ಮುಕ್ಕಾಲು ಲೋಟ ಸಕ್ಕರೆ, ಎರಡೂವರೆ ಲೋಟ ಹಾಲು ಹಾಕುತ್ತೇನೆ. ಹಣ್ಣು ಎಂಟು. ಹಣ್ಣಿನಲ್ಲೇ ಸಿಹಿ ಇರುವುದರಿಂದ ಸಕ್ಕರೆ ಕಡಿಮೆಯೇ ಸಾಕು.

ಎಲ್ಲರೂ ಕೊನೆಗೆ ಹಣ್ಣು ಹಾಕುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ತುಪ್ಪದಲ್ಲಿ ರವೆ ಹುರಿದು ಘಮ್ಮೆಂದ ಮೇಲೆ ಹಣ್ಣನ್ನು ಅದರೊಳಗೇ ಹಾಕಿ ಮೂರು ನಾಲ್ಕು ನಿಮಿಷ ಬಾಡಿಸಿ, ಆಮೇಲೆ ಬಿಸಿ ಹಾಲು. ಬಾಳೆಹಣ್ಣು ತುಪ್ಪದಲ್ಲಿ ಬಾಡುವ ಆ ವಾಸನೆಗೇ ನಮ್ಮ ಮನೆಯ ಹುಡುಗರು ಓದು ಬಿಟ್ಟು ಅಡುಗೆಮನೆಗೆ ಬರುತ್ತವೆ. ರವೆ ಬೆಂದ ಮೇಲೆಯೇ ಸಕ್ಕರೆ. ಮೊದಲೇ ಹಾಕಿದರೆ ರವೆ ಬೇಯುವುದಿಲ್ಲ.

ನ್ಯೂಜೆರ್ಸಿಯಿಂದ

ನಮಗಿಲ್ಲಿ ಅಂಗಡಿಯಲ್ಲಿ ಸಿಗೋದೆಲ್ಲ ಪಚ್ಚಬಾಳೆ ಜಾತಿಯದ್ದೇ, ನಿಮ್ಮ 70 ಏಲಕ್ಕಿ ನೋಡಿ ಹೊಟ್ಟೆ ಉರೀತಿದೆ. ಮೆತ್ತಗಿದೆ ಅನ್ನೋ ಮಕ್ಕಳಿಗೆ ನನ್ನ ಉಪಾಯ: ಸುಲಿದು, ಬಿಲ್ಲೆ ಹೆಚ್ಚಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಮರುದಿನ ಮಿಕ್ಸಿಯ ಚಟ್ನಿ ಜಾರಿನಲ್ಲಿ ತಿರುಗಿಸಿ. ಮೊದಲು ರವೆ ತರ ಪುಡಿಯಾಗುತ್ತೆ, ಕೆಟ್ಟಿತು ಅನಿಸುತ್ತೆ. ನಿಲ್ಲಿಸಿ, ಚಮಚದಲ್ಲಿ ಕೆರೆದು, ಮತ್ತೆ ತಿರುಗಿಸಿ. ನಾಲ್ಕನೇ ಸಲಕ್ಕೆ ಇದ್ದಕ್ಕಿದ್ದ ಹಾಗೆ ಐಸ್‌ಕ್ರೀಮ್ ಆಗುತ್ತೆ. ಹಾಲು, ಕೆನೆ, ಸಕ್ಕರೆ ಏನೂ ಬೇಡ. ಒಂದು ಚಮಚ ಕೋಕೋ ಹಾಕಿದರೆ ಚಾಕೊಲೇಟ್.

ಸಿಪ್ಪೆ ಸಮೇತ ಫ್ರೀಜರಿಗೆ ಹಾಕಬೇಡಿ. ನಾನು ಮೊದಲ ಸಲ ಹಾಗೇ ಹಾಕಿ, ಕಲ್ಲಾದ ಹಣ್ಣನ್ನ ಚಾಕುವಿನಲ್ಲಿ ಕೆತ್ತೋಕೆ ಹೋಗಿ ಬೆರಳು ಕುಯ್ದುಕೊಂಡೆ.

ಮಡಿಕೇರಿಯಿಂದ

ಪುತ್ತರಿಗೆ, ಅಂದ್ರೆ ಕೊಡಗಿನ ಸುಗ್ಗಿ ಹಬ್ಬಕ್ಕೆ, ನಮ್ಮಲ್ಲಿ ತಂಬಿಟ್ಟು ಮಾಡ್ತೇವೆ. ಕುಸುಬಲಕ್ಕಿ ಹುರಿದು ಪುಡಿ ಮಾಡಿದ್ದಕ್ಕೆ ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಹಾಕಿ ಕೈಯಲ್ಲೇ ನಾದೋದು. ಮೇಲೆ ತುಪ್ಪ, ಕಾಯಿತುರಿ, ಹುರಿದ ಎಳ್ಳು. ಪುಡಿ ಡಬ್ಬದಲ್ಲಿದ್ದರೆ ಒಲೆಯೇ ಬೇಡ. ಹಣ್ಣು ಎಷ್ಟು ಕಳಿತಿದ್ದರೆ ಅಷ್ಟು ಒಳ್ಳೆಯದು.

ಕುಂದಾಪುರದವರು, ಈಗ ಮುಂಬಯಿ

ಎಲ್ಲರೂ ಐದು, ಹತ್ತು ಹಣ್ಣಿನ ಲೆಕ್ಕ ಹೇಳುತ್ತಿದ್ದೀರಿ. 70 ಖಾಲಿಯಾಗಬೇಕಾದರೆ ಹಲ್ವವೇ ಗತಿ. ಭಾನುವಾರಕ್ಕೆ ಇಟ್ಟುಕೊಳ್ಳಿ, ಒಂದು ಗಂಟೆ ಒಲೆ ಬಿಟ್ಟು ಅಲ್ಲಾಡಲಿಕ್ಕಿಲ್ಲ. ನಿಜ ಹೇಳಬೇಕಾದರೆ ಹಲ್ವಕ್ಕೆ ನೇಂದ್ರವೇ ಸರಿ, ತಿರುಳು ಗಟ್ಟಿ, ಬೇಗ ಕೂಡಿಬರುತ್ತದೆ. ಏಲಕ್ಕಿಯಲ್ಲಿ ಹೊತ್ತು ಹಿಡಿಯುತ್ತದೆ, ಸಣ್ಣ ಹುಳಿ ಉಳಿಯುತ್ತದೆ. ನನಗೆ ಆ ಹುಳಿಯೇ ಇಷ್ಟ.

ಮೂವತ್ತು ಹಣ್ಣು ನೀರಿಲ್ಲದೆ ನುಣ್ಣಗೆ ರುಬ್ಬಿ. ದಪ್ಪ ತಳದ ಬಾಣಲೆಯಲ್ಲಿ ಎರಡು ಚಮಚ ತುಪ್ಪಕ್ಕೆ ಇದನ್ನು ಹಾಕಿ, ಸಕ್ಕರೆ ಇಲ್ಲದೆ ಇಪ್ಪತ್ತು ನಿಮಿಷ ಮಗುಚಿ. ನೀರೆಲ್ಲ ಆರಿ ಮುದ್ದೆಯಾದ ಮೇಲೆ ತಿರುಳಿನ ಅರ್ಧದಷ್ಟು ಸಕ್ಕರೆ. ಅದು ಮತ್ತೆ ತೆಳುವಾಗುತ್ತದೆ, ಆಗ ಲಾವಾ ಹಾಗೆ ಕೊತಕೊತ ಹಾರುತ್ತದೆ. ಉದ್ದ ಹಿಡಿಯ ಸೌಟು ಹಿಡಿಯಿರಿ, ತುಂಬು ತೋಳಿನ ಅಂಗಿ ಹಾಕಿ. ನನ್ನ ಮಣಿಕಟ್ಟಿನ ಮೇಲೆ ಹಳೇ ಗುರುತು ಇನ್ನೂ ಇದೆ. ಐದೈದು ನಿಮಿಷಕ್ಕೆ ಒಂದು ಚಮಚ ತುಪ್ಪ. ಬಣ್ಣ ಹಾಕಬೇಡಿ, ಕಾಯುತ್ತ ಕಾಯುತ್ತ ತಾನೇ ಕೆಂಪಾಗುತ್ತದೆ. ಹಾಕಿದ ತುಪ್ಪ ಬಾಣಲೆಯ ಅಂಚಿಗೆ ಹೊರಬಂದು, ಮುದ್ದೆ ಸೌಟಿನ ಜೊತೆ ಒಟ್ಟಾಗಿ ತಿರುಗಿದಾಗ ತುಪ್ಪ ಸವರಿದ ತಟ್ಟೆಗೆ ಸುರಿದು ತಣಿಸಿ ಕತ್ತರಿಸಿ.

ಶುಗರ್ ಇರುವ ಒಬ್ಬರು

ನಿಮ್ಮ ಮಾವನ ವಿಷಯಕ್ಕೆ. ಬೆಲ್ಲ ಹಾಕಿದರೆ ಪರವಾಗಿಲ್ಲ, ಜೇನು ಹಾಕಿದರೆ ಪರವಾಗಿಲ್ಲ ಅಂತ ಹೇಳುವವರು ಬರುತ್ತಾರೆ, ನಂಬಬೇಡಿ. ಬೆಲ್ಲವೂ ಸಕ್ಕರೆಯೇ, ಕಳಿತ ಹಣ್ಣಿನಲ್ಲೂ ಸಕ್ಕರೆಯೇ. ನನಗೆ ಡಾಕ್ಟರು ಒಪ್ಪಿರುವುದು ಸಣ್ಣ ಏಲಕ್ಕಿ ಹಣ್ಣು ಒಂದು, ಅದೂ ಹೆಚ್ಚು ಕಳಿಯದ್ದು. ನಿಮ್ಮವರಿಗೆ ಎಷ್ಟು ಅಂತ ಅವರ ಡಾಕ್ಟರನ್ನೇ ಕೇಳಿ. ಮನೆಯವರೆಲ್ಲ ಹಲ್ವ ತಿನ್ನುವಾಗ ನನ್ನ ತಟ್ಟೆಗೆ ಆ ಒಂದು ಹಣ್ಣನ್ನು ಬಿಲ್ಲೆ ಮಾಡಿ, ಹುರಿದ ಎಳ್ಳು ಉದುರಿಸಿ ಕೊಡುತ್ತಾರೆ. ಸಾಕು.

ಕೇಳಿದವರು, ಆರು ದಿನದ ನಂತರ

ಎಲ್ಲರಿಗೂ ಶರಣು. ವರದಿ: ಸಜ್ಜಿಗೆಗೆ 8, ರಸಾಯನಕ್ಕೆ 15 (ಕಾಯಿ ತುರಿದೇ ಮಾಡಿದೆ ಅಮ್ಮ), ಅಪ್ಪಕ್ಕೆ 6, ಐಸ್‌ಕ್ರೀಮಿಗೆ 9. ಅಪ್ಪದ ಮೊದಲ ಸುತ್ತು ಕರಟಿತು, ಎರಡನೆಯದು ಪಾತ್ರೆಗೆ ಬೀಳುವ ಮುಂಚೆಯೇ ಖಾಲಿ. ಚಿಕ್ಕವಳು ಐಸ್‌ಕ್ರೀಮ್ ತಿಂದು "ಬಾಳೆಹಣ್ಣು ಹಾಕಿಲ್ಲ ತಾನೇ?" ಅಂದಳು, ಇಲ್ಲ ಅಂದೆ. ಎರಡು ಕೊಳೆತು ಹೋದವು. ಉಳಿದ 30 ಇವತ್ತು ಹಲ್ವಕ್ಕೆ ಹಾಕಿದೆ. 55 ನಿಮಿಷ ಮಗುಚಿ ತಟ್ಟೆಗೆ ಸುರಿದು ಎರಡು ಗಂಟೆ ಆಯ್ತು, ಕತ್ತರಿಸೋಕೆ ಬರ್ತಿಲ್ಲ, ಜಾಮ್ ತರ ಚಾಕುವಿಗೆ ಅಂಟುತ್ತಿದೆ. ಬಿಸಾಡಬೇಕಾ?

ಕುಂದಾಪುರದವರು

ಬಿಸಾಡುವುದಾ! ಮತ್ತೆ ಬಾಣಲೆಗೆ ಹಾಕಿ. ಒಂದು ಚಮಚ ತುಪ್ಪ, ಸಣ್ಣ ಉರಿ, ಹತ್ತು ಹದಿನೈದು ನಿಮಿಷ. ಬಟಾಣಿಯಷ್ಟು ತೆಗೆದು ಆರಿಸಿ ಉರುಟು ಮಾಡಿ, ಬೆರಳಿಗೆ ಅಂಟದೆ ಗುಂಡಾಗಿ ನಿಂತರೆ ಇಳಿಸಿ. ಅಷ್ಟಾಗಿಯೂ ಸೋತರೆ ಬಾಟಲಿಗೆ ತುಂಬಿ ಚಪಾತಿಗೆ ಸವರಿ ಕೊಡಿ, ಧಾರವಾಡದವರು ಬೇಡ ಎನ್ನಲಿಕ್ಕಿಲ್ಲ.

ಧಾರವಾಡದಿಂದ

ಖರೇ ಹೇಳಿದ್ರಿ. ಒಂದು ಬಾಟಲಿ ಈ ಕಡೆ ಕಳಸ್ರಿ.